ಸೀಟಿನ ಮೂತಿ ಹಿಡಿದು ಅಳೆಯುವವರಿಗೆ

ರೇಸಿಂಗ್ ಸೈಕಲ್ಲಿಗೆ ಗಿಡ್ಡ ಮೂತಿಯ ಮೋಟು ಸೀಟು ಹಾಕಿಸಿಕೊಂಡು ಕೆಲವೇ ದಿನಗಳಲ್ಲಿ ಕಳಚಿಸುವವರ ದೂರು ಹೆಚ್ಚುಕಮ್ಮಿ ಒಂದೇ ಬಗೆಯದು. ಅಂಗೈ ಜೋಮು ಹಿಡಿಯುತ್ತದೆ, ಭುಜ ಸೋಲುತ್ತದೆ, ಮಂಡಿಚಿಪ್ಪಿನ ಸುತ್ತ ನೋಯುತ್ತದೆ. ಕೂತ ಜಾಗದ ನೋವಿನ ಸುದ್ದಿಯೇ ಅದರಲ್ಲಿ ಇರುವುದಿಲ್ಲ. ಸೀಟೇ ಹೊಂದದಿದ್ದರೆ ಮೊದಲು ನೋಯಬೇಕಾದದ್ದು ಆ ಜಾಗವಲ್ಲವೇ? ತಪ್ಪು ಸೀಟಿನದಲ್ಲ, ಕೂರಿಸಿದವರ ಅಳತೆಯದು ಎಂದು ನಾನು ಹೇಳುವುದು ಇದಕ್ಕೇ.

ಹ್ಯಾಂಡಲ್ಲಿನ ಕೆಳಬಾಗನ್ನು ಹಿಡಿದು ಎದೆ ತಗ್ಗಿಸಿ ತುಳಿಯುವಾಗ ಸೊಂಟ ಮುಂದಕ್ಕೆ ವಾಲುತ್ತದೆ. ನೆಟ್ಟಗೆ ಕೂತಾಗ ಭಾರ ಹೊರುವುದು ಪೃಷ್ಠದ ಎರಡು ಮೂಳೆಗಳು. ವಾಲಿದಾಗ ಆ ಭಾರ, ಅಲ್ಲಿಂದ ಮುಂದಕ್ಕೆ ಕಿರಿದಾಗುತ್ತ ಹೋಗಿ ಕೂಡಿಕೊಳ್ಳುವ ಎಲುಬುಗಳ ಮೇಲೂ ಅವುಗಳ ನಡುವಿನ ಮೆದು ಭಾಗದ ಮೇಲೂ ಬೀಳುತ್ತದೆ. ನರ, ರಕ್ತನಾಳಗಳು ಹಾದುಹೋಗುವುದೂ ಅಲ್ಲೇ, 27-28 ಸೆಂ.ಮೀ. ಉದ್ದದ ಹಳೆಯ ಸೀಟಿನ ಮೂತಿ ಒತ್ತುವುದೂ ಅಲ್ಲೇ. ಇದು ಸುಕುಮಾರರ ಗೊಣಗಾಟವಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಮೂತಿಯೇ ಇಲ್ಲದ ಸೀಟು ಕೊಟ್ಟು ಆರು ತಿಂಗಳ ಬಳಿಕ ಪರೀಕ್ಷಿಸಿದರು. ಒತ್ತಡ ಇಳಿದಿತ್ತು, ಜೋಮು ಗಣನೀಯವಾಗಿ ತಗ್ಗಿತ್ತು. 2008ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಹಾಗೆಂದು ರೇಸಿನವರು ಮೂತಿಯನ್ನು ಪೂರ್ತಿ ಬಿಡುವಂತಿಲ್ಲ. ಇಳಿಜಾರಿನ ತಿರುವಿನಲ್ಲಿ ಸೈಕಲ್ಲು ತೊಡೆಗಳ ಹಿಡಿತದಲ್ಲಿರುವುದು ಆ ಮೂತಿಯಿಂದಲೇ. ಜೊತೆಗೆ, ಸೀಟು 24 ಸೆಂ.ಮೀ.ಗಿಂತ ಕಡಿಮೆ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವಿದೆ. 2015ರಲ್ಲಿ ಸ್ಪೆಷಲೈಜ್ಡ್ ಕಂಪನಿ ತಂದ ‘ಪವರ್’ ಸೀಟು ಸರಿಯಾಗಿ ಆ 24ಕ್ಕೇ ನಿಂತಿತು. ಫಿಜಿಕ್, ಪ್ರೊಲೊಗೊ, ಸೆಲ್ಲೆ ಇಟಾಲಿಯಾಗಳ ಮೋಟು ಸೀಟುಗಳೂ ಈಗ ಎಲ್ಲೆಡೆ ಕಾಣುತ್ತವೆ.

ನನ್ನ ತಕರಾರು ಅದನ್ನು ಕೂರಿಸುವ ರೀತಿಯ ಬಗ್ಗೆ. ಹಳೆಯ ಸೀಟಿನ ಮೂತಿಯಿಂದ ಹ್ಯಾಂಡಲ್‌ವರೆಗೆ ಟೇಪು ಹಿಡಿದು, ಅದೇ ಅಂತರಕ್ಕೆ ಹೊಸ ಸೀಟಿನ ಮೂತಿಯನ್ನು ತಂದು ಬೋಲ್ಟು ಬಿಗಿದುಬಿಡುತ್ತಾರೆ. ಮೂತಿಯ ತುದಿಯ ಮೇಲೆ ಯಾರೂ ಕೂರುವುದಿಲ್ಲವಲ್ಲ! ಎರಡೂ ಸೀಟುಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಗಲ 8 ಸೆಂ.ಮೀ. ಆಗುವ ಕಡೆ ಅಡ್ಡಕ್ಕೆ ಒಂದೊಂದು ಟೇಪು ಅಂಟಿಸಿ ನೋಡಬೇಕು. ಮೈಭಾರ ಕೂರುವ ಜಾಗಕ್ಕೆ ಆ ಗೆರೆಯೇ ಒಳ್ಳೆಯ ಗುರುತು, ಮತ್ತು ಮೋಟು ಸೀಟಿನಲ್ಲಿ ಅದು ಮೂತಿಗೆ ಹೆಚ್ಚು ಹತ್ತಿರ. ವ್ಯತ್ಯಾಸ 3 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೂತಿಗೆ ಮೂತಿ ಸರಿಗಟ್ಟಿದರೆ ಸವಾರ ಅಷ್ಟೂ ಮುಂದಕ್ಕೆ ಬಂದ. ಮೈಭಾರ ಅಂಗೈಗೆ ಇಳಿಯಿತು. ಸೀಟಿನ ಕೊಳವೆ 73 ಡಿಗ್ರಿ ವಾಲಿರುವ ಸೈಕಲ್ಲಿನಲ್ಲಿ 3 ಸೆಂ.ಮೀ. ಮುಂದೆ ಬಂದರೆ, ಪೆಡಲಿನ ಲೆಕ್ಕಕ್ಕೆ ಸೀಟು ಒಂದು ಸೆಂ.ಮೀ.ನಷ್ಟು ತಗ್ಗಿದಂತೆಯೇ. ಮಂಡಿ ನೋವಿನ ಮೂಲ ಅಲ್ಲಿದೆ. ಗೆರೆಗೆ ಗೆರೆ ಹೊಂದಿಸಿದರೆ ಮೂತಿ ಹಿಂದೆ ಉಳಿದು, ಮೊದಲು ಒತ್ತುತ್ತಿದ್ದ ಜಾಗ ಖಾಲಿಯಾಗುತ್ತದೆ. ಕಾಸು ಕೊಟ್ಟದ್ದು ಆ ಖಾಲಿ ಜಾಗಕ್ಕೆ. ಅಂಗಡಿಯಲ್ಲಿ ಅದನ್ನೇ ಮತ್ತೆ ತುಂಬಿಸಿ ಕಳಿಸುತ್ತಾರೆಂದರೆ ಸಿಟ್ಟು ಬಾರದೆ ಇರುತ್ತದೆಯೇ?

ಮುಂದೆ ಬಾಗುವುದೇ ಉದ್ದೇಶವಾದ ಮೇಲೆ ಸೀಟೂ ಮುಂದೆ ಬರಲಿ ಎನ್ನುವವರಿದ್ದಾರೆ. ಟೈಮ್ ಟ್ರಯಲ್ ಸೈಕಲ್ಲಿಗೆ ಆ ಮಾತು ಒಪ್ಪುತ್ತದೆ, ಏಕೆಂದರೆ ಅಲ್ಲಿ ಮೈಭಾರ ಹೊರಲು ಮೊಣಕೈಗಳ ಕೆಳಗೆ ದಿಂಬುಗಳಿವೆ. ಸಾಧಾರಣ ಹ್ಯಾಂಡಲ್ಲಿನಲ್ಲಿ ಆ ಭಾರವನ್ನು ಅಂಗೈಯೇ ಹೊರಬೇಕು. ಬೇಕೆಂದೇ ಮುಂದೆ ತರುವವರು ಎತ್ತರವನ್ನೂ ಹ್ಯಾಂಡಲ್ಲನ್ನೂ ಜೊತೆಗೇ ಬದಲಿಸುತ್ತಾರೆ. ಮೋಟು ಸೀಟಿನಲ್ಲಿ ಅತ್ತಿತ್ತ ಸರಿಯಲು ಜಾಗವಿಲ್ಲ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ನಂದಿಬೆಟ್ಟದಂಥ ಏರಿನಲ್ಲಿ ಹ್ಯಾಂಡಲ್ಲಿನ ಮೇಲ್ಭಾಗ ಹಿಡಿದು ಹಿಂದೆ ಸರಿದು ತುಳಿಯುವವರಿಗೆ ಹಿಂಭಾಗ ತೀರಾ ಮೇಲೆದ್ದಿರುವ ಸೀಟು ಕಾಟ ಕೊಡುತ್ತದೆ. ಅವರು ಚಪ್ಪಟೆಯಾದದ್ದನ್ನು ಆರಿಸಲಿ. 200 ಕಿ.ಮೀ. ಬ್ರೆವೆಯಂಥ ದೂರದ ಸವಾರಿಯನ್ನು ಬಹುಪಾಲು ನೆಟ್ಟಗೆ ಕೂತೇ ಮುಗಿಸುವವರಿಗೆ ಉದ್ದನೆಯ ಸೀಟೇ ಇರಲಿ, ಬದಲಿಸುವ ಅಗತ್ಯವೇ ಇಲ್ಲ. ಆದರೆ ಬಾಗಿ ತುಳಿಯುವವರು ಪದೇಪದೇ ಸರಿದಾಡುತ್ತಿದ್ದರೆ ಅದು ಸ್ವಾತಂತ್ರ್ಯವಲ್ಲ, ನೋವಿನಿಂದ ತಪ್ಪಿಸಿಕೊಳ್ಳುವ ಪಾಡು.

ಅಗಲದ ವಿಷಯದಲ್ಲೂ ಇದೇ ಅವಸರ. ಗಿರಾಕಿಯನ್ನು ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ, ಸ್ಪಂಜಿನ ಮೇಲೆ ಮೂಡಿದ ಎರಡು ಗುಳಿಗಳ ನಡುವೆ ಅಳೆದು, 143 ಮಿ.ಮೀ. ಇಲ್ಲವೇ 155 ಎಂದು ತೀರ್ಮಾನಿಸುತ್ತಾರೆ. ಬಾಗಿದಾಗ ಭಾರ ಹೊರುವ ಎಲುಬುಗಳ ನಡುವಿನ ಅಂತರ ಆ ಗುಳಿಗಳಲ್ಲಿ ಮೂಡುವುದೇ ಇಲ್ಲ. ಅದೇ ಸ್ಟೂಲಿನ ಮೇಲೆ, ಮೊಣಕೈಗಳನ್ನು ಮಂಡಿಗೆ ಊರಿಸಿ ಇನ್ನೊಮ್ಮೆ ಅಳೆಯಲು ಎಷ್ಟು ಹೊತ್ತು ಬೇಕು?