ಬ್ಯಾಂಜೊ ಹಿಡಿದವನು ಎದ್ದು ಹೋದ ಮೇಲೆ...

ಗಿಟಾರ್ ಕೈಗೆತ್ತಿಕೊಂಡ ಹುಡುಗ ಯಾರೇ ಆಗಲಿ, ಆರು ತಿಂಗಳಲ್ಲಿ 'ಹೋಟೆಲ್ ಕ್ಯಾಲಿಫೋರ್ನಿಯಾ' ನುಡಿಸೋಕೆ ಹೊರಡ್ತಾನೆ. ಅರ್ಧಂಬರ್ಧ ಕಲಿತು, ನಾಲ್ಕು ಜನರ ಮುಂದೆ ನುಡಿಸಿ ನಗೆಪಾಟಲಾದವರಲ್ಲಿ ನಾನೂ ಒಬ್ಬ. ಆದರೆ ಗುರೂ, ನಾನು ಹೇಳಹೊರಟಿರುವುದು ಆ ಹಾಡಿನ ಕಥೆಯಲ್ಲ. ಆ ಹಾಡು ಹೊರಬರುವ ಒಂದು ವರ್ಷ ಮೊದಲೇ ತಂಡದಿಂದ ಎದ್ದುಹೋದ ಒಬ್ಬನ ಕಥೆ. ಆತನ ಹೆಸರು ಬರ್ನಿ ಲೆಡನ್. ತಂಡ, ನಿಮಗೆಲ್ಲ ಗೊತ್ತಿರುವ ಈಗಲ್ಸ್.

ಪಿ.ಯು.ಸಿ.ಯನ್ನು ಅರ್ಧಕ್ಕೇ ಬಿಟ್ಟು ನಾನು ಮಾಡಿದ ಮೊದಲ ಘನಕಾರ್ಯ ಅಂದ್ರೆ ಊರಲ್ಲಿ ಆರ್ಕೆಸ್ಟ್ರಾ ಕಟ್ಟಿದ್ದು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಮನೆ... ಕರೆದಲ್ಲಿಗೆ ಹೋಗುತ್ತಿದ್ದೆವು. ನಾನು ಕೀಬೋರ್ಡು. ಹಾರ್ಮೋನಿಯಂ ಹಿಡಿದು ಜಾನಪದ ಗೀತೆ ಹೇಳುತ್ತಿದ್ದವನು ನನ್ನ ಚಡ್ಡಿ ದೋಸ್ತಿ. ಹೆಸರು ಬೇಡ ಬಿಡಿ. ಅವನ ಕಥೆ ಆಮೇಲೆ ಹೇಳ್ತೀನಿ.

ಮೊದಲು ಅಮೆರಿಕಕ್ಕೆ ಹೋಗೋಣ. 1971ನೇ ಇಸವಿ. ಲಾಸ್ ಏಂಜಲಿಸ್ ನಗರ. ಲಿಂಡಾ ರಾನ್‌ಸ್ಟಾಟ್ ಎಂಬ ಗಾಯಕಿಯ ಹಿಂದೆ ವಾದ್ಯ ನುಡಿಸುತ್ತಿದ್ದ ಹುಡುಗರು ತಮ್ಮದೇ ತಂಡ ಕಟ್ಟುತ್ತಾರೆ. ಡೆಟ್ರಾಯಿಟ್ ಕಡೆಯ ಗ್ಲೆನ್ ಫ್ರೈ, ಟೆಕ್ಸಾಸಿನ ಡಾನ್ ಹೆನ್ಲಿ, ಜೊತೆಗೆ ರ‍್ಯಾಂಡಿ ಮೈಸ್ನರ್, ಬರ್ನಿ ಲೆಡನ್. ಈ ಲೆಡನ್ ಹಳೇ ಹುಲಿ. ಕಂಟ್ರಿ ಸಂಗೀತವನ್ನು ರಾಕ್ ಜೊತೆ ಬೆರೆಸಿದ ಫ್ಲೈಯಿಂಗ್ ಬುರಿಟೊ ಬ್ರದರ್ಸ್ ತಂಡದಲ್ಲಿ ಪಳಗಿ ಬಂದವನು. ಬ್ಯಾಂಜೊ, ಮ್ಯಾಂಡೊಲಿನ್, ಸ್ಟೀಲ್ ಗಿಟಾರ್, ಯಾವುದು ಕೊಟ್ಟರೂ ಸೈ!

ಕಂಟ್ರಿ ಅಂದ್ರೆ ಏನು ಅಂತೀರಾ? ಅಲ್ಲಿಯ ಹಳ್ಳಿಗಾಡಿನ ಹಾಡು. ಹೊಲ, ಕುದುರೆ, ಲಾರಿ, ಕೈಕೊಟ್ಟ ಹೆಂಡತಿ, ಬಿಟ್ಟು ಬಂದ ಊರು, ಇವೇ ಅದರ ಸರಕು. ಪೇಟೆಯ ಹುಡುಗರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಅಬ್ಬರಿಸುವುದು ರಾಕ್. ಇವೆರಡೂ ಎಣ್ಣೆ ನೀರು ಅಂತ ಅಂದುಕೊಂಡವರೇ ಆಗ ಬಹಳ. ಈಗಲ್ಸ್ ಹುಡುಗರು ಅವೆರಡನ್ನೂ ಒಂದೇ ಲೋಟದಲ್ಲಿ ಕಲಸಿ ಕುಡಿಸಿದರು! 1972ರಲ್ಲಿ ಬಂದ ಮೊದಲ ಹಾಡು 'ಟೇಕ್ ಇಟ್ ಈಸಿ'. ಅದರಲ್ಲಿ ಟಿಣ್ ಟಿಣ್ ಅಂತ ಓಡುವ ಬ್ಯಾಂಜೊ ಲೆಡನ್‌ನದೇ.

1973ರ 'ಡೆಸ್ಪೆರಾಡೊ' ಆಲ್ಬಂ ಅಂತೂ ನಮ್ಮಂಥ ಸಿನಿಮಾ ಹುಚ್ಚರಿಗೆ ಹೇಳಿ ಮಾಡಿಸಿದ್ದು. ಡಾಲ್ಟನ್ ಗ್ಯಾಂಗಿನ ಡಕಾಯಿತರ ಕಥೆಯನ್ನು ಹಾಡುಗಳಲ್ಲಿ ಹೆಣೆದರು. ಹಿಂಬದಿ ರಕ್ಷಾಪುಟದಲ್ಲಿ ಗುಂಡೇಟು ತಿಂದ ಹೆಣಗಳಾಗಿ ನೆಲದ ಮೇಲೆ ಮಲಗಿರುವವರು ಸ್ವತಃ ತಂಡದವರೇ! ಥೇಟ್ ಕೌಬಾಯ್ ಚಿತ್ರದ ಕೊನೇ ರೀಲು. ಆದರೆ ಬಾಕ್ಸಾಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಚಿತ್ರ ಆಗ ಓಡಲಿಲ್ಲ. ಇಂದು ಜಗತ್ತೆಲ್ಲ ಗುನುಗುವ ಅದರ ಶೀರ್ಷಿಕೆ ಗೀತೆಯನ್ನು ಅವರು ಸಿಂಗಲ್ ಆಗಿ ಬಿಡುಗಡೆಯನ್ನೇ ಮಾಡಲಿಲ್ಲ.

ಇಲ್ಲಿಂದಲೇ ಎಳೆದಾಟ ಶುರು. ಫ್ರೈ, ಹೆನ್ಲಿ ಇಬ್ಬರಿಗೂ ಸದ್ದು ಜೋರಾಗಬೇಕು, ಕ್ರೀಡಾಂಗಣ ಅದುರಬೇಕು. 1974ರಲ್ಲಿ ಗಿಟಾರಿಗೆ ಡಾನ್ ಫೆಲ್ಡರ್ ಬಂದ. 1975ರ 'ಒನ್ ಆಫ್ ದೀಸ್ ನೈಟ್ಸ್' ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗೆಲುವು ಬಂತು, ನೆಮ್ಮದಿ ಹೋಯಿತು. ಒಂದು ದಿನ ಮಾತಿಗೆ ಮಾತು ಬೆಳೆದು ಲೆಡನ್ ತನ್ನ ಕೈಲಿದ್ದ ಬಿಯರನ್ನು ಫ್ರೈ ತಲೆ ಮೇಲೆ ಸುರಿದುಬಿಟ್ಟ! ಆ ವರ್ಷದ ಕೊನೆಗೆ ತಂಡದಿಂದ ಹೊರಗೆ.

ಆತನ ಜಾಗಕ್ಕೆ ಜೋ ವಾಲ್ಷ್ ಎಂಬ ಅಪ್ಪಟ ರಾಕ್ ಆಸಾಮಿ ಬಂದ. 1976ರ ಡಿಸೆಂಬರಿನಲ್ಲಿ 'ಹೋಟೆಲ್ ಕ್ಯಾಲಿಫೋರ್ನಿಯಾ' ಬಂತು. ಮುಂದಿನದು ನಿಮಗೇ ಗೊತ್ತು. ಆದರೆ ಜಗಳ ನಿಂತಿತೇ? ಎಲ್ಲಿ ಸ್ವಾಮಿ! 1977ರಲ್ಲಿ ಮೈಸ್ನರ್ ಹೊರಟ, ಟಿಮೊಥಿ ಸ್ಮಿಟ್ ಬಂದ. 1980ರ ಜುಲೈ 31ರಂದು ಲಾಂಗ್ ಬೀಚ್ ವೇದಿಕೆಯ ಮೇಲೆ, ಮೈಕಿನಲ್ಲಿ ಪ್ರೇಮಗೀತೆ, ಮೈಕಿನಾಚೆ ಫ್ರೈ ಮತ್ತು ಫೆಲ್ಡರ್ 'ಹಾಡು ಮುಗೀಲಿ, ಆಮೇಲಿದೆ ನಿನಗೆ' ಅನ್ನುವ ಧಾಟಿಯಲ್ಲಿ ಒಬ್ಬರನ್ನೊಬ್ಬರು ಬೆದರಿಸುತ್ತಿದ್ದರು. ಅಲ್ಲಿಗೆ ಮಂಗಳ.

ಹದಿಮೂರು ವರ್ಷ ಒಬ್ಬರ ಮುಖ ಒಬ್ಬರು ನೋಡದವರನ್ನು ಮತ್ತೆ ಸೇರಿಸಿದ್ದು ಯಾವುದು ಗೊತ್ತಾ? ಕಂಟ್ರಿ! 1993ರಲ್ಲಿ ಕಂಟ್ರಿ ಗಾಯಕರೆಲ್ಲ ಸೇರಿ ಈಗಲ್ಸ್ ಹಾಡುಗಳನ್ನೇ ಹಾಡಿ 'ಕಾಮನ್ ಥ್ರೆಡ್' ಅಂತ ಆಲ್ಬಂ ತಂದರು. ಟ್ರಾವಿಸ್ ಟ್ರಿಟ್ ಎಂಬ ಗಾಯಕ ತನ್ನ 'ಟೇಕ್ ಇಟ್ ಈಸಿ' ವಿಡಿಯೊಗೆ ಹಳೇ ತಂಡದವರನ್ನೇ ಕರೆಸಿ ನಿಲ್ಲಿಸಿದ. ಕ್ಯಾಮೆರಾ ಮುಂದೆ ನಕ್ಕವರು 1994ರಲ್ಲಿ ನಿಜವಾಗಿಯೂ ಒಂದಾದರು. 2008ರಲ್ಲಿ 'ಹೌ ಲಾಂಗ್' ಹಾಡಿಗೆ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು ಕಂಟ್ರಿ ವಿಭಾಗದಲ್ಲೇ!

ಇನ್ನೊಂದು ಲೆಕ್ಕ ಕೇಳಿ. 1976ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಗ್ರೇಟೆಸ್ಟ್ ಹಿಟ್ಸ್ ಆಲ್ಬಂ 2018ರಲ್ಲಿ ಅಮೆರಿಕದಲ್ಲಿ 38 ಬಾರಿ ಪ್ಲಾಟಿನಂ ಅನ್ನಿಸಿಕೊಂಡು ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಅನ್ನೇ ಹಿಂದೆ ಹಾಕಿತು. 'ಹೋಟೆಲ್ ಕ್ಯಾಲಿಫೋರ್ನಿಯಾ' ಆಲ್ಬಂ ಆಗ 26 ಬಾರಿ. ಆ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಇರುವುದೆಲ್ಲ ಮೊದಲ ನಾಲ್ಕು ಆಲ್ಬಂಗಳ ಹಾಡು. ಅಂದ್ರೆ? ಎಲ್ಲವೂ ಲೆಡನ್ ಇದ್ದ ಕಾಲದ್ದು!

ಈಗ ನನ್ನ ದೋಸ್ತಿಯ ವಿಷಯ. ಒಂದು ಗಣೇಶನ ಹಬ್ಬ. ಪೆಂಡಾಲಿನ ಮುಂದೆ ಹುಡುಗರು ಕುಣಿಯೋ ಹಾಡು ಬೇಕು ಅಂತ ಕೂಗ್ತಿದ್ರು. ಪಟ್ಟಿಯಲ್ಲಿ ಮುಂದಿನದು ಅವನ ಹಾಡು. ನಾನು ಅವನಿಗೆ ಒಂದು ಮಾತೂ ಹೇಳದೆ ಪೆನ್ನಿನಲ್ಲಿ ಗೀಟು ಎಳೆದೆ. ಅವನು ಹಾರ್ಮೋನಿಯಂ ಮುಂದೆ ಕೂತೇ ಇದ್ದ, ಮೈಕು ಅವನ ಕಡೆ ಬರಲೇ ಇಲ್ಲ. ಕಾರ್ಯಕ್ರಮ ಮುಗಿದ ಮೇಲೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಕತ್ತಲಲ್ಲಿ ನಡೆದೇ ಹೋದ. 'ಅವನಿಗೆ ಹೊಸ ಹಾಡು ಹಿಡಿಸಲ್ಲ' ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅವನಿಲ್ಲದ ಆರ್ಕೆಸ್ಟ್ರಾ ಎರಡೇ ವರ್ಷಕ್ಕೆ ಮಲಗಿತು. ಕೀಬೋರ್ಡು ಮಾರಿ ಪೆನ್ನು ಹಿಡಿದೆ.

ಮೊನ್ನೆ ರಾತ್ರಿ ಈಗಲ್ಸ್ ಬಗ್ಗೆ 2013ರಲ್ಲಿ ಬಂದ ಸಾಕ್ಷ್ಯಚಿತ್ರ ನೋಡುತ್ತಾ ಕೂತಿದ್ದೆ. ಮೂರು ಗಂಟೆಗೂ ಮೀರಿದ ಚಿತ್ರ. ಬಿಯರ್ ಸುರಿದ ಪ್ರಸಂಗ ಬಂದಾಗ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ರಾಕ್ ಇಷ್ಟವಿಲ್ಲದ್ದಕ್ಕೇ ಬಿಟ್ಟ ಅನ್ನುವ ಮಾತನ್ನು ಲೆಡನ್ ಯಾವತ್ತೂ ಒಪ್ಪಿದವನಲ್ಲ. ನನ್ನ ದೋಸ್ತಿಯೂ ಹೊಸ ಹಾಡಿಗೆ ಮುನಿದು ಹೋದವನಲ್ಲ. ಒಂದು ಮಾತು ಕೇಳಲಿಲ್ಲವಲ್ಲ, ಅದಕ್ಕೆ ಹೋದ. ಆ ಗೀಟು ಎಳೆದ ಕೈಗೆ ಇದು ಅವತ್ತೇ ಗೊತ್ತಿತ್ತು.

1994ರ ಪುನರ್ಮಿಲನಕ್ಕೆ ಲೆಡನ್‌ಗೆ ಕರೆ ಹೋಗಿರಲಿಲ್ಲ. 1998ರಲ್ಲಿ ಹಾಲ್ ಆಫ್ ಫೇಮ್ ಗೌರವದ ರಾತ್ರಿ ಹಳಬರು ಹೊಸಬರು ಏಳೂ ಜನ ಒಟ್ಟಿಗೆ ನುಡಿಸಿದರು, ಅಷ್ಟೆ. ಕೊನೆಗೆ 2013ರ ಪ್ರವಾಸಕ್ಕೆ ಕರೆದರು. ಆತ ಬಂದ. ಎರಡು ವರ್ಷ ಊರೂರು ಸುತ್ತಿದ. 2016ರ ಜನವರಿ 18ರಂದು ಫ್ರೈ ತೀರಿಕೊಂಡ. ಮರುತಿಂಗಳು ಗ್ರ್ಯಾಮಿ ವೇದಿಕೆಯಲ್ಲಿ ಅವನ ನೆನಪಿಗೆ 'ಟೇಕ್ ಇಟ್ ಈಸಿ' ಹಾಡಿದಾಗ ಸಾಲಿನಲ್ಲಿ ನಿಂತವರಲ್ಲಿ ಲೆಡನ್ ಇದ್ದ. ಯಾರ ತಲೆ ಮೇಲೆ ಬಿಯರ್ ಸುರಿದಿದ್ದನೋ ಅವನಿಗಾಗಿ! 2017ರಲ್ಲಿ ಫ್ರೈ ಜಾಗ ತುಂಬಲು ಬಂದದ್ದು ಅವನ ಮಗ ಡೀಕನ್, ಜೊತೆಗೆ ಕಂಟ್ರಿ ಲೋಕದ ದೊಡ್ಡ ಗಾಯಕ ವಿನ್ಸ್ ಗಿಲ್.

ಮೂವತ್ತೆಂಟು ವರ್ಷ ಕಾಯಲು ನನಗೆ ಧೈರ್ಯ ಬರಲಿಲ್ಲ. ಬೆಳಿಗ್ಗೆ ಎದ್ದವನೇ ದೋಸ್ತಿಗೆ ಫೋನು ಹಚ್ಚಿದೆ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ತಪ್ಪಾಯ್ತು ಅಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ಸ್ವಲ್ಪ ಹೊತ್ತು ಬಿಟ್ಟು, "ಹಾರ್ಮೋನಿಯಂ ಇನ್ನೂ ಐತೆ ಕಣೋ, ಎರಡು ರೀಡು ಸತ್ತೋಗಿವೆ" ಅಂದ.

ರೀಡು ಎಲ್ಲಿ ಸಿಗುತ್ತೆ ಅಂತ ಬೆಂಗಳೂರಲ್ಲಿ ಹುಡುಕುತ್ತಿದ್ದೇನೆ. ನಿಮ್ಮ ತಂಡದಲ್ಲೂ ಮೂಲೆಯಲ್ಲಿ ಕೂತು ಹಳೇ ರಾಗ ನುಡಿಸುವ ಒಬ್ಬ ಇದ್ದಾನಾ ಮಿತ್ರರೇ? ಪಟ್ಟಿಗೆ ಗೀಟು ಎಳೆಯೋ ಮೊದಲು ಅವನ ಮುಖ ಒಮ್ಮೆ ನೋಡಿ.