ಕುಮಟೆಯಿಂದ ಗೋಕರ್ಣಕ್ಕೆ, ನಡ್ಕಂಡು

ಸುಮಾರು ದಿನ ಆತು ಇಲ್ಲಿ ಎಂತದೂ ಬರೀದೆ. ಮೊನ್ನೆ ಅತ್ತಿಗೆ ಫೋನ್ ಮಾಡಿ ಕೇಳ್ಚು, "ನಿಂಗ ಇಬ್ರೂ ಸಮುದ್ರದ ದಂಡೆಲಿ ಮೂರು ದಿನ ನಡದ್ರಡ, ಹೌದನೇ?" ಹೇಳಿ. ಹೌದು. ಯಾರ್ಯಾರ ಬಾಯಿಂದಲೋ ಕೇಳದಕ್ಕಿಂತ ಆನೇ ಬರೆದುಬಿಡ್ತಿ.

ಇಬ್ರು ಹೇಳಿರೆ ಆನು, ಮತ್ತೆ ಯನ್ನ ದೊಡ್ಡ ವಾರಗಿತ್ತಿ. ಹಿಸೆ ಆದ ಮೇಲೆ ಆರು ವರ್ಷ ಯಂಗ್ಳ ನಡುವೆ ಮಾತು ಇತ್ತಿಲ್ಲೆ ಹೇಳದು ನಿಂಗಕ್ಕೆಲ್ಲ ಗೊತ್ತಿದ್ದಿದ್ದೆ. ಒಂದೇ ಮಾಡಿನ ಅಡಿಗೆ ಎರಡು ಒಲೆ, ಮಧ್ಯದಲ್ಲಿ ಒಂದು ಗೋಡೆ. ಅಕ್ಕ ಒಗ್ಗರಣೆ ಹಾಕಿರೆ ಯಂಗೆ ಕೇಳ್ತು, ಆನು ಕೆಮ್ಮಿರೆ ಅದಕ್ಕೆ ಕೇಳ್ತು. ಗೊತ್ತಿಲ್ಲದ್ದು ಒಂದಿದ್ದು, ಅದನ್ನೂ ಹೇಳ್ತಿ. ಹಿಸೆ ದಿನ ಜಗಲಿಲಿ ಪಂಚರು ಕೂತಿದ್ದಾಗ ಆನು ಅದಕ್ಕೆ ಒಂದು ಮಾತು ಹೇಳಿದ್ದಿ. "ಈ ಮನೆಗೆ ಬಪ್ಪಕಾದ್ರೆ ನೀನು ಎಂತ ತಂದಿದ್ದೆ?" ಹೇಳಿ. ಅದರ ತವರುಮನೆ ಬಡತನದ್ದು. ಅದು ಎಂತದೂ ಹೇಳಿದ್ದಿಲ್ಲೆ, ಎದ್ದು ಒಳಗೆ ಹೋತು.

ಯನ್ನ ಕೂಸು, ಅಕ್ಕನ ಕೂಸು ಇಬ್ರೂ ಬೆಂಗಳೂರಲ್ಲಿ ಒಂದೇ ರೂಮಿನಲ್ಲಿ ಇದ್ದ. ಅವಕ್ಕೆ ಯಂಗ್ಳ ಜಗಳ ಲೆಕ್ಕಕ್ಕೇ ಇಲ್ಲೆ. "ಆಯಿ, ಡಿಸೆಂಬರಲ್ಲಿ ರಜೆ ಇದ್ದು, ಕುಮಟೆಯಿಂದ ಗೋಕರ್ಣಕ್ಕೆ ನಡಿಯನ" ಹೇಳಿ ಕರೆದಾಗ ಆನು ಹೂಂ ಹೇಳ್ದಿ. ಅಕ್ಕ ಎರಡು ದಿನ ಮೊದಲೇ ತವರಿಗೆ ಹೋಗಿತ್ತು, ಹಂಗಾಗಿ ಯಂಗೆ ಎಂತ ಅನುಮಾನವೂ ಬಂದಿದ್ದಿಲ್ಲೆ. ದೇವಿಮನೆ ಘಟ್ಟ ಇಳಿದು ಕುಮಟೆ ಬಸ್ ಸ್ಟ್ಯಾಂಡಿನಲ್ಲಿ ಕಾಲಿಟ್ರೆ, ಎದುರಿಗೆ ಅಕ್ಕ ಚೀಲ ಹಿಡ್ಕಂಡು ನಿಂತಿದ್ದು! ಶಿರಸಿಗೆ ವಾಪಸ್ ಹೋಪ ಬಸ್ಸು ಅಲ್ಲೇ ಇತ್ತು. ಇಬ್ರೂ ಹತ್ತಿದ್ವಿಲ್ಲೆ.

ದಾರಿ ಸುಮಾರು 25 ಕಿಲೋಮೀಟರ್. ಹುಡುಗ್ರು ಎರಡು ದಿನದಲ್ಲಿ ಮುಗಿಸ್ತ, ಯಂಗ್ಳ ಮೊಣಕಾಲು ನೋಡಿ ಮಕ್ಕ ಮೂರು ದಿನ ಮಾಡಿದ. ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಹೀಂಗೆ ಒಂದಾದ ಮೇಲೆ ಒಂದು ದಂಡೆ. ಸಮುದ್ರ ಎಡಗೈ ಬದಿಗೆ ಇದ್ರೆ ದಾರಿ ತಪ್ಪದಿಲ್ಲೆ. ಒಣ ಮರಳಲ್ಲಿ ಕಾಲು ಹುಗೀತು, ನೀರು ಈಗಷ್ಟೇ ಹಿಂದೆ ಸರಿದ ಜಾಗದಲ್ಲಿ ಮಾತ್ರ ಸಿಮೆಂಟಿನ ನೆಲದ ಹಾಂಗೆ ಗಟ್ಟಿ. ಎರಡು ದಂಡೆ ಮಧ್ಯ ಚಿರೆಕಲ್ಲಿನ ಗುಡ್ಡ ಹತ್ತಿ ಇಳಿಯವು. ಅದೇ ಕಷ್ಟ. ಒಣಹುಲ್ಲಿನ ಮೇಲೆ ಕಾಲು ಜಾರ್ತು.

ಮೊದಲನೇ ಗುಡ್ಡ ಇಳಿಯಕಾದ್ರೆ ಅಕ್ಕ ಅರ್ಧಕ್ಕೇ ನಿಂತುಹೋತು. ಮಕ್ಕ ಮುಂದೆ ಹೋಗಿಬಿಟ್ಟಿದ್ದ. ಆನು ಎರಡು ಹೆಜ್ಜೆ ವಾಪಸ್ ಹತ್ತಿ ಕೋಲು ಚಾಚಿದಿ. ಅದು ಹಿಡ್ಕಂಡ್ತು. ಒಂದು ತುದಿ ಯನ್ನ ಕೈಲಿ, ಇನ್ನೊಂದು ತುದಿ ಅದರ ಕೈಲಿ. ಮಾತಿಲ್ಲೆ. ಹಾಂಗೇ ಕೆಳಗೆ ಇಳಿದ್ಯ.

ಮಧ್ಯಾಹ್ನ ಒಂದು ಮರದ ಬುಡದಲ್ಲಿ ಡಬ್ಬಿ ಬಿಚ್ಚಿದ್ಯ. ಇಬ್ಬರ ಡಬ್ಬಿಲೂ ಹಚ್ಚಿದ ಅವಲಕ್ಕಿ, ಅತ್ತೆ ಕಲಿಸಿದ ಹಾಂಗೇ, ಕಾಯಿತುರಿ ಜಾಸ್ತಿ, ಬೆಲ್ಲ ಚೂರು. ಮಕ್ಕ ನಗಾಡಿದ. ಅಕ್ಕ ಯನ್ನ ಡಬ್ಬಿಯಿಂದ ಒಂದು ತುತ್ತು ತಗಂಡು, "ಉಪ್ಪು ಕಮ್ಮಿ ಆಜು" ಹೇಳ್ಚು. ಆರು ವರ್ಷದಲ್ಲಿ ಯನ್ನ ಹತ್ರ ಆಡಿದ ಮೊದಲ ಮಾತು!

ಆ ರಾತ್ರಿ ಕಾಗಾಲದ ಹತ್ರ ಪರಿಚಯದವ್ರ ಮನೇಲಿ ಉಳಿದ್ಯ. ಮಾರನೇ ದಿನ ಅಘನಾಶಿನಿ ಊರು. ಅಲ್ಲಿ ನದಿ ಸಮುದ್ರ ಸೇರದು. ಗಜನಿ ಗದ್ದೆ ನೋಡಿದ್ಯ. ಉಪ್ಪುನೀರಲ್ಲೂ ಬೆಳೆಯ ಕಗ್ಗ ಭತ್ತ ಈ ಬದಿದೇ. ನೀರು ಇಳಿದಲ್ಲಿ ಹೆಂಗಸ್ರು ಸೊಂಟ ಬಗ್ಗಿಸಿ ಚಿಪ್ಪಿ ಹೆಕ್ತಾ ಇದ್ದಿದ್ದ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದ್ದಡ, ಅಕ್ಕನ ಕೂಸು ಹೇಳ್ಚು.

ಅಘನಾಶಿನಿಯಿಂದ ತದಡಿಗೆ ದೋಣಿ. ಜನ, ಬೈಕು, ಮೀನಿನ ಬುಟ್ಟಿ ಎಲ್ಲ ಒಟ್ಟಿಗೆ. ಮಕ್ಕ ಫೋಟೋ ತೆಗೆಯಲೆ ಮುಂದೆ ಹೋದ, ಯಂಗ ಇಬ್ರು ಹಿಂದೆ ಕೂತ್ಯ. ಈ ನೀರು ಯಂಗ್ಳ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ್ದು. ಪ್ಯಾಟೆಗೆ ಹೋದಾಗೆಲ್ಲ ಅದರ ಬದಿಲೇ ಹೋಗ್ತ್ಯ. ಉಂಚಳ್ಳಿಲಿ 116 ಮೀಟರ್ ಕೆಳಗೆ ಬೀಳಕಾದ್ರೆ ಎಂತ ಬೊಬ್ಬೆ, ಪಕ್ಕದವ್ರ ಮಾತೂ ಕೇಳ್ತಿಲ್ಲೆ. ಅದಕ್ಕೇ ಅದನ್ನ ಕೆಪ್ಪ ಜೋಗ ಹೇಳದು. ಇಲ್ಲಿ ನೋಡಿರೆ ಸದ್ದೇ ಇಲ್ಲೆ, ಯಾವುದು ನದಿ ಯಾವುದು ಸಮುದ್ರ ಹೇಳಿ ಗೊತ್ತಾಗ್ತಿಲ್ಲೆ.

ಎಂತಕ್ಕೋ ಅಲ್ಲಿ ಬಾಯಿಂದ ಬಂತು. "ಅಕ್ಕ, ಹಿಸೆ ದಿನ ಆನು ಆ ಮಾತು ಹೇಳದು ಬ್ಯಾಡಾಗಿತ್ತು."

ಅಕ್ಕ ನೀರು ನೋಡ್ತಾ ಇತ್ತು. "ಯಾವ ಮಾತು?" ಕೇಳ್ಚು.

ಆರು ವರ್ಷ ಆನು ರಾತ್ರಿ ನಿದ್ದೆಗೆಟ್ಟು ಹೊತ್ಕಂಡಿದ್ದ ಮಾತು ಅದಕ್ಕೆ ನೆನಪೇ ಇಲ್ಯ, ಅಥವಾ ನೆನಪಿಲ್ಲೆ ಹೇಳಿ ಯಂಗೆ ಉಪಕಾರ ಮಾಡ್ಚ? ಯಂಗೆ ಇವತ್ತಿಗೂ ಗೊತ್ತಿಲ್ಲೆ. ಮತ್ತೆ ಕೇಳಿದ್ನಿಲ್ಲೆ. ದೋಣಿ ಇಳಿಯಕಾದ್ರೆ ಅದೇ ಯನ್ನ ಭುಜ ಹಿಡ್ಕಂಡ್ತು, ಕೋಲು ಬೇಕಾಜಿಲ್ಲೆ.

ಬೇಲೆಕಾನಿನಲ್ಲಿ ಉಳಿದು ಮೂರನೇ ದಿನ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಾಟಿದ್ಯ. ಗುಡ್ಡದ ಮೇಲಿಂದ ನೋಡಿರೆ ಓಂ ದಂಡೆ ಬರೆದಿಟ್ಟ ಹಾಂಗೇ ಕಾಣ್ತು. ಗೋಕರ್ಣದಲ್ಲಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ದೇವರ ಎದುರು ಇಬ್ರೂ ಸುಮ್ಮಂಗೆ ನಿಂತ್ಯ. ಬಪ್ಪಕಾದ್ರೆ ಸಾಣಿಕಟ್ಟೆ ಉಪ್ಪು ಎರಡು ಕಿಲೋ ತಂದಿ, ಅಪ್ಪೆಮಿಡಿಗೆ ಅದೇ ಆಗವು.

ಮನೇಲಿ ಗೋಡೆ ಹಾಂಗೇ ಇದ್ದು, ಹಿಸೆಪತ್ರನೂ ಪೆಟ್ಟಿಗೇಲೇ ಇದ್ದು. ಇವು ಅವು ಅಣ್ಣ-ತಮ್ಮ ಈಗ್ಲೂ ತೋಟದ ಬೇಲಿ ವಿಷಯಕ್ಕೆ ಮುಖ ತಿರುಗಿಸ್ತ. ಮೊನ್ನೆ ಆಚೆ ಬದಿಯಿಂದ ಗೋಡೆಗೆ ಸಟ್ಟುಗ ಬಡಿದ ಸದ್ದಾತು. "ಆ ಉಪ್ಪು ಒಂದು ಬಟ್ಟಲು ಕೊಡೇ."

ನಿಂಗಳೂ ಹೋಪದಾದ್ರೆ ಚಳಿಗಾಲದಲ್ಲೇ ಹೋಗಿ. ಮಳೆಗಾಲದಲ್ಲಿ ಖಂಡಿತ ಬ್ಯಾಡ. ಬೆಳಗಾಮುಂಚೆ ಹೊರಟು ಬಿಸಿಲೇರದ್ರೊಳಗೆ ನೆರಳು ಸೇರ್ಕಳಿ. ತಲೆಗೆ ಟವಲು, ಬಿರಂಡೆ ಶರಬತ್ತು, ಗುಡ್ಡಕ್ಕೆ ಬೂಟು, ದೋಣಿಗೆ ಚಿಲ್ಲರೆ ಇರ್ಲಿ. ಕಲ್ಲಿದ್ದ ಕಡೆ ನೀರಿಗೆ ಇಳಿಯಡಿ. ಒಂದು ಗಟ್ಟಿ ಕೋಲು ಮರೆಯಡಿ, ಸ್ವಲ್ಪ ಉದ್ದದ್ದೇ ಇರ್ಲಿ, ಇಬ್ರಿಗೆ ಹಿಡಿಯಲೆ ಬತ್ತು.