ಬಿಸಿಲು ಚುಕ್ಕೆ, ನೆರಳು ಚುಕ್ಕೆ

ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಸುತ್ತಲ ಕಾಡು ಎಲೆಯುದುರಿಸಿ ನಿಂತಾಗ ಚಿರತೆ ಕಾಣುವುದು ಸುಲಭ ಎನ್ನುವವರಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. ಎಲೆಯ ಮರೆ ಹೋದರೂ ಕೊಂಬೆಗಳ ನೆರಳು ಉಳಿದಿರುತ್ತದೆ. ಮತ್ತಿಮರದ ಆ ನೆರಳು ಅದರದೇ ಕಾಂಡದ ಮೇಲೆ ಬಿದ್ದು, ಚೌಕಚೌಕವಾಗಿ ಬಿರಿದ ತೊಗಟೆಯೊಡನೆ ಕಲೆತರೆ ಇಡೀ ಮರಕ್ಕೇ ಚುಕ್ಕೆ ಮೂಡುತ್ತದೆ. ಅಂಥ ಮರದ ಕವಲಿನಲ್ಲಿ ಚಿರತೆ ಮೈಚೆಲ್ಲಿ ಮಲಗಿದ್ದರೆ ಮರ ಎಲ್ಲಿ ಮುಗಿಯಿತು, ಪ್ರಾಣಿ ಎಲ್ಲಿಂದ ಶುರುವಾಯಿತು ಎಂದು ಕಣ್ಣಿಗೆ ತಿಳಿಯದು. ಆ ಕಡೆಯ ಜೀಪ್ ಚಾಲಕರೊಬ್ಬರು ನನಗೆ ಹೇಳಿಕೊಟ್ಟ ಮಾತು ಯಾವ ಛಾಯಾಗ್ರಹಣದ ಪುಸ್ತಕದಲ್ಲೂ ಸಿಕ್ಕಿಲ್ಲ: "ಚಿರತೆ ಹುಡುಕ್ಬೇಡಿ ಸಾ, ಬಾಲ ಹುಡುಕಿ. ಮೈಯೆಲ್ಲ ಮುಚ್ಕೊಂತದೆ, ಬಾಲ ಮಾತ್ರ ಮುಚ್ಕೊಳಕ್ಕಾಗಕಿಲ್ಲ ಅದ್ಕೆ."

ಚುಕ್ಕೆಯಿರುವ ಪ್ರಾಣಿಗಳ ಫೋಟೊ ತೆಗೆಯುವುದು ನನ್ನ ಪ್ರೀತಿಯ ಹವ್ಯಾಸ. ಆನೆ, ಹುಲಿ, ಕಾಟಿ ಎದುರಾದರೆ ಕ್ಯಾಮೆರಾ ಕೆಳಗಿಟ್ಟು ಕಣ್ತುಂಬ ನೋಡುತ್ತೇನೆ. ಜಿಂಕೆ ಕಂಡರೆ ಮಾತ್ರ ಕೈ ತಾನಾಗಿ ಲೆನ್ಸಿನ ಕಡೆ ಹೋಗುತ್ತದೆ. ಸಫಾರಿಗೆ ಬಂದವರಲ್ಲಿ ಹೆಚ್ಚಿನವರು ಜಿಂಕೆಯನ್ನು ದಾಟಿಕೊಂಡು ಹೋಗುವ ಆತುರದಲ್ಲಿರುತ್ತಾರೆ. ನನಗೆ ಅದರ ಮುಂದೆ ಒಂದಿಡೀ ಮುಂಜಾನೆ ಕಳೆಯುವಷ್ಟು ಕೆಲಸವಿರುತ್ತದೆ. ಜಿಂಕೆಯ ಬೆನ್ನಿನ ಉದ್ದಕ್ಕೆ ಕಪ್ಪು ಪಟ್ಟೆ, ಅದರ ಎರಡೂ ಬದಿಗೆ ಬಿಳಿ ಚುಕ್ಕೆಗಳ ಸಾಲು. ಹೊಟ್ಟೆಯ ಹತ್ತಿರ ಇಳಿದಂತೆ ಆ ಸಾಲುಗಳು ಒತ್ತಾಗುತ್ತವೆ. ಅಂಗಳದಲ್ಲಿ ರಂಗೋಲಿಗೆ ಚುಕ್ಕಿಯಿಟ್ಟು, ಇನ್ನೇನು ಎಳೆ ಎಳೆಯಬೇಕು ಅನ್ನುವಾಗ ನಿಲ್ಲಿಸಿದಂತೆ ಕಾಣುತ್ತದೆ ಅದು. ಕಡವೆಗೆ ಈ ಭಾಗ್ಯವಿಲ್ಲ. ಜಿಂಕೆ ಮಾತ್ರ ಹುಟ್ಟಿದಾಗಿನ ಚುಕ್ಕೆಗಳನ್ನು ಮುಪ್ಪಿನವರೆಗೂ ಉಳಿಸಿಕೊಳ್ಳುತ್ತದೆ.

ಜಿಂಕೆಯ ಮೈಮೇಲಿರುವುದು ಬಿಸಿಲಿನ ಚುಕ್ಕೆ, ಚಿರತೆಯ ಮೈಮೇಲಿರುವುದು ನೆರಳಿನ ಚುಕ್ಕೆ. ತಿನ್ನುವುದೂ ತಿನ್ನಿಸಿಕೊಳ್ಳುವುದೂ ಒಂದೇ ಕಾಡಿನ ನೆಲವನ್ನು ನೋಡಿ ಉಡುಪು ಹೊಲಿಸಿಕೊಂಡಿವೆ. ಇದು ಮನಸ್ಸಿಗೆ ಹೊಳೆದ ಮೇಲೆ ನಾನು ಚಿತ್ರ ತೆಗೆಯುವ ರೀತಿಯೇ ಬದಲಾಯಿತು. ಹಿನ್ನೆಲೆಯನ್ನೆಲ್ಲ ಮಸುಕಾಗಿಸಿ, ಚಿರತೆಯ ಮುಖ ಮಾತ್ರ ಚೌಕಟ್ಟಿನ ತುಂಬ ಬರುವ ಚಿತ್ರಗಳನ್ನು ಜನ ಮೆಚ್ಚುತ್ತಾರೆ. ಅವುಗಳ ಹಿಂದಿನ ಶ್ರಮದ ಬಗ್ಗೆ ನನಗೂ ಗೌರವವಿದೆ. ಆದರೆ ಕಾಡಿನಿಂದ ಕಿತ್ತು ತೆಗೆದ ಚುಕ್ಕೆಗೆ ಕೆಲಸವೇ ಇರುವುದಿಲ್ಲ. ಆ ಚುಕ್ಕೆ ಏನು ಮಾಡುತ್ತಿದೆ ಎಂಬುದು ಕಾಣಬೇಕಾದರೆ ಮರ ಬೇಕು, ಲಂಟಾನದ ಕಡ್ಡಿ ಬೇಕು, ನೆಲದ ಮೇಲೆ ಅಲ್ಲಲ್ಲಿ ಬಿದ್ದ ಬಿಸಿಲು ಬೇಕು. ನೋಡುವವರು ಚಿತ್ರದೊಳಗೆ ಚಿರತೆಯನ್ನು ಕ್ಷಣಕಾಲ ಹುಡುಕಬೇಕು. ಹಾಗೆ ಹುಡುಕಿಸುವ ಚಿತ್ರವೇ ನನಗೆ ಇಷ್ಟ.

ಅಂಥ ಚಿತ್ರ ತೆಗೆಯುವುದು ಹತ್ತಿರದ ಚಿತ್ರಕ್ಕಿಂತ ಕಷ್ಟ. ಚೂರುಚೂರಾದ ಬೆಳಕನ್ನು ಕ್ಯಾಮೆರಾದ ಮೀಟರ್ ಸರಿಯಾಗಿ ಅಳೆಯಲಾರದು. ಎಲೆಗಳ ಹಿಂದೆ ಆಕಾಶ ಬೆಳ್ಳಗಿದ್ದರೆ ಕೊಂಬೆಯ ಮೇಲಿನ ಚಿರತೆ ಬರೀ ಕಪ್ಪು ಆಕಾರವಾಗಿಬಿಡುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಕೆಲವೊಮ್ಮೆ ಇನ್ನೂ ಹೆಚ್ಚು ಏರಿಸಬೇಕು. ಜಿಂಕೆಗೆ ಇದರ ತದ್ವಿರುದ್ಧ. ಎಳೆಬಿಸಿಲಿನಲ್ಲಿ ಅದರ ಬಿಳಿ ಚುಕ್ಕೆಗಳು ಸುಟ್ಟು ಬರೀ ತೂತುಗಳಾಗುತ್ತವೆ, ಕೂದಲಿನ ಎಳೆ ಅಳಿಸಿಹೋಗುತ್ತದೆ. ಸ್ವಲ್ಪ ಇಳಿಸಿದರೆ ಮಾತ್ರ ಒಂದೊಂದು ಚುಕ್ಕೆಯೊಳಗೂ ಕೂದಲು ಬಿಡಿಬಿಡಿಯಾಗಿ ಕಾಣುತ್ತದೆ. ಆಟೋಫೋಕಸ್ ಮುಂದಿರುವ ಕಡ್ಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಪ್ರಾಣಿಯ ಕಣ್ಣನ್ನು ತಾವೇ ಗುರುತಿಸುತ್ತವೆ ನಿಜ, ಆದರೂ ಪೊದೆಯೊಳಗಿನ ಚಿರತೆಗೆ ನಾನು ಒಂದೇ ಬಿಂದುವಿನ ಫೋಕಸ್ ಇಟ್ಟುಕೊಳ್ಳುತ್ತೇನೆ. ಜೀಪಿನ ಕಂಬಿಯ ಮೇಲೆ ಬೀನ್ ಬ್ಯಾಗ್, ಅದರ ಮೇಲೆ ಲೆನ್ಸ್, ಉಸಿರು ಹಿಡಿದ ಎದೆ. ಸಂಜೆ ಬೆಳಕು ಇಳಿದಾಗ ಐಎಸ್‌ಒ 3200 ದಾಟಿದರೂ ನಾನು ಚಿಂತಿಸುವುದಿಲ್ಲ. ಚಿತ್ರದಲ್ಲಿ ಕಾಳುಕಾಳು ಬಂದರೆ ಬರಲಿ, ಆ ಹೊತ್ತಿನ ಬೆಳಕು ಬೇರೆ ಹೊತ್ತಿನಲ್ಲಿ ಸಿಗದು.

ಇನ್ನೊಂದು ಸಂಗತಿ ನನ್ನನ್ನು ಕಪ್ಪು ಬಿಳುಪಿನ ಕಡೆಗೆ ಎಳೆದು ತಂದಿತು. ಜಿಂಕೆಯ ಕಣ್ಣಿಗೆ ನಮ್ಮಷ್ಟು ಬಣ್ಣ ಕಾಣುವುದಿಲ್ಲ. ಕಿತ್ತಳೆಗೂ ಹಸಿರಿಗೂ ಅದು ಸುಲಭವಾಗಿ ಭೇದ ಮಾಡಲಾರದು. ನಮ್ಮನ್ನು ಬೆರಗುಗೊಳಿಸುವ ಚಿರತೆಯ ಹೊನ್ನಿನ ಬಣ್ಣ ಅದರ ಪಾಲಿಗೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ಅದಕ್ಕೆ ಎದುರಾಗುವುದು ಬೆಳಕು, ನೆರಳು, ಅಂಚು, ಚಲನೆ. ಬಣ್ಣ ತೆಗೆದ ಚಿತ್ರದಲ್ಲಿ ಚಿರತೆ ತಟ್ಟನೆ ಕಾಡಿನೊಳಗೆ ಹಿಂದೆ ಸರಿಯುವುದನ್ನು ನೋಡಿದಾಗ, ಜಿಂಕೆ ನೋಡುವ ಕಾಡಿಗೆ ನಾನು ಕೊಂಚ ಹತ್ತಿರವಾದೆ ಅನಿಸುತ್ತದೆ. ಈ ಹಾದಿ ತುಳಿದ ಹಿರಿಯರು ನಮ್ಮಲ್ಲೇ ಇದ್ದರು. ಸಂಡೂರಿನ ಎಂ.ವೈ. ಘೋರ್ಪಡೆಯವರನ್ನು ರಾಜ್ಯದ ಹಣಕಾಸು ಸಚಿವರಾಗಿ ಬಲ್ಲವರು ಹೆಚ್ಚು. ಅವರ ಕಪ್ಪು ಬಿಳುಪು ವನ್ಯಚಿತ್ರಗಳ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್'. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಚಿತ್ರಗಳನ್ನು ನೋಡಿಯೇ ಒಂದು ತಲೆಮಾರು ಕ್ಯಾಮೆರಾ ಹಿಡಿಯಿತು. ಅವರಿಗೂ ಮುಂಚೆ, ಶಿವಾಲಿಕ್ ಬೆಟ್ಟಗಳ ತಪ್ಪಲಿನಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್.ಡಬ್ಲ್ಯೂ. ಚಾಂಪಿಯನ್ ಕಾಲುದಾರಿಗೆ ಅಡ್ಡಲಾಗಿ ತಂತಿ ಕಟ್ಟಿ, ಪ್ರಾಣಿ ಅದನ್ನು ಮುಟ್ಟಿದೊಡನೆ ಫ್ಲಾಶ್ ಹೊತ್ತಿ ಚಿತ್ರ ಬೀಳುವಂತೆ ಮಾಡಿದ್ದರು. ಅವರ ಪುಸ್ತಕ ಬಂದದ್ದು 1927ರಲ್ಲಿ. ಸುತ್ತಲಿನ ದೊರೆಗಳೂ ಅಧಿಕಾರಿಗಳೂ ಕೋವಿ ಹಿಡಿದು ಹೋಗುತ್ತಿದ್ದ ಕಾಲದಲ್ಲಿ ಆ ಮನುಷ್ಯ ಕ್ಯಾಮೆರಾ ಹೊತ್ತು ಹೋದದ್ದನ್ನು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಚಾಂಪಿಯನ್ನರ ಆ ತಂತಿಯ ಮೊಮ್ಮಗುವೇ ಇಂದಿನ ಕ್ಯಾಮೆರಾ ಟ್ರ್ಯಾಪ್. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಯ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಕೆಯ ಲೆಕ್ಕ ಕಟ್ಟಿದರು. ಚಿರತೆಗೂ ಅದೇ ಉಪಾಯ ಒದಗುತ್ತದೆ. ಬೆನ್ನು ಮತ್ತು ಪಕ್ಕೆಯ ಮೇಲೆ ಒಡೆದ ಉಂಗುರಗಳು. ಕುತ್ತಿಗೆ, ಕಾಲು, ಹೊಟ್ಟೆಗಳ ಮೇಲೆ ಗಟ್ಟಿ ಚುಕ್ಕೆಗಳು. ಈ ಜೋಡಣೆ ಒಂದು ಚಿರತೆಯಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಅಷ್ಟೇ ಅಲ್ಲ, ಒಂದೇ ಚಿರತೆಯ ಎಡಪಕ್ಕೆಯಲ್ಲಿದ್ದಂತೆ ಬಲಪಕ್ಕೆಯಲ್ಲಿ ಇರುವುದಿಲ್ಲ. ಆದ್ದರಿಂದ ಸಂಶೋಧಕರು ದಾರಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ. 2022ರ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಇಂಥ ಅಂಕಿಗಳ ಹಿಂದೆ ರಾಶಿ ರಾಶಿ ಪಕ್ಕೆಯ ಚಿತ್ರಗಳಿವೆ. ಇದು ತಿಳಿದಂದಿನಿಂದ, ಚಿರತೆ ಅಡ್ಡಲಾಗಿ ನಡೆದುಹೋದಾಗ ಕಲೆಯ ಮಾತು ಬದಿಗಿಟ್ಟು ಪಕ್ಕೆಯ ಒಂದು ನೇರ ಚಿತ್ರವನ್ನು ತಪ್ಪದೆ ತೆಗೆಯುತ್ತೇನೆ. ಮನೆಗೆ ಬಂದು ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ಉಂಗುರ ಉಂಗುರ ಹೋಲಿಸುವಾಗ, ಹಿಂದೆ ನೋಡಿದ್ದ ಚಿರತೆಯೇ ಇದು ಎಂದು ಖಚಿತವಾದರೆ ಆಗುವ ಸಂತೋಷ ಬೇರೆಯೇ.

ಈ ಚುಕ್ಕೆಗಳು ಹುಟ್ಟುವ ಬಗೆ ಕೂಡ ಚೆಲುವಾದದ್ದು. ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ಪ್ರಬಂಧ ಬರೆದು, ಎರಡು ರಾಸಾಯನಿಕಗಳು ಬೇರೆ ಬೇರೆ ವೇಗದಲ್ಲಿ ಹರಡುತ್ತ ಒಂದರ ಮೇಲೊಂದು ಪ್ರಭಾವ ಬೀರಿದರೆ ಏನೂ ಇಲ್ಲದ ಕಡೆ ತಾವಾಗಿ ವಿನ್ಯಾಸ ಮೂಡಬಲ್ಲದು ಎಂದು ತೋರಿಸಿದ. ಆ ಗಣಿತವನ್ನು ಮುಂದುವರಿಸಿದವರು ಬಾಲದ ವಿಚಾರಕ್ಕೆ ಬಂದರು: ಅಗಲವಾದ ಮೈಮೇಲೆ ಚುಕ್ಕೆ ಮೂಡುವ ಪ್ರಾಣಿಗೆ ಸಪೂರವಾದ ಬಾಲದ ತುದಿಯಲ್ಲಿ ಪಟ್ಟೆ ಮೂಡಬಹುದು. ಕೊಂಬೆಯಿಂದ ಇಳಿಬಿದ್ದ ಚಿರತೆಯ ಬಾಲವನ್ನು ಲೆನ್ಸಿನಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಚುಕ್ಕೆಗಳು ಕೂಡಿಕೊಂಡು ತುದಿಯ ಹತ್ತಿರ ಪಟ್ಟೆಗಳಾಗುವುದು ಕಾಣುತ್ತದೆ. ಚಾಲಕರು ಬಾಲ ಹುಡುಕಿ ಎಂದಿದ್ದರಿಂದ ನನಗೆ ಸಿಕ್ಕಿದ್ದು ಚಿರತೆಯೊಂದೇ ಅಲ್ಲ.

ಕಬಿನಿ ಎಂದ ಮೇಲೆ ಕರಿಚಿರತೆಯ ಮಾತು ಬಂದೇ ಬರುತ್ತದೆ. ಅದು ಬೇರೆ ಜಾತಿಯಲ್ಲ. ತಂದೆ ತಾಯಿ ಇಬ್ಬರಿಂದಲೂ ಒಂದೇ ಬಗೆಯ ಗುಣಾಣು ಬಂದಾಗ ಹುಟ್ಟುವ ಮಾಮೂಲು ಚಿರತೆ. ಚುಕ್ಕೆಗಳು ಎಲ್ಲಿಗೂ ಹೋಗಿರುವುದಿಲ್ಲ. ಓರೆಯಾದ ಬಿಸಿಲು ಮೈ ಸವರಿದಾಗ ಕಪ್ಪಿನೊಳಗಿನ ಕಪ್ಪಾಗಿ ಉಂಗುರಗಳು ಎದ್ದು ಬರುತ್ತವೆ. ಕ್ಯಾಮೆರಾ ಆ ಕಪ್ಪನ್ನು ಬೂದು ಮಾಡಲು ಹವಣಿಸುತ್ತದೆ, ಎಕ್ಸ್‌ಪೋಷರ್ ಇಳಿಸಿ ಕಪ್ಪನ್ನು ಕಪ್ಪಾಗಿಯೇ ಉಳಿಸಬೇಕು.

ಚಿರತೆ ಇರುವುದನ್ನು ಮೊದಲು ಹೇಳುವುದು ಕಿವಿ. ಮರದ ತುದಿಯಿಂದ ಮುಸುವ ಕೆಮ್ಮಿದಂತೆ ಕೂಗುತ್ತದೆ, ಜಿಂಕೆ ಬಾಲವೆತ್ತಿ ಮುಂಗಾಲು ನೆಲಕ್ಕೆ ಬಡಿದು ಚೂಪಾಗಿ ಕಿರುಚುತ್ತದೆ. ಆಗ ಎಂಜಿನ್ ಆರಿಸಿ ಕಾಯಬೇಕು. ಸುತ್ತ ಜೀಪುಗಳು ಮುತ್ತಿಕೊಂಡು, ಚಿರತೆ ಕಿವಿ ಹಿಂದಕ್ಕೆ ಒತ್ತಿ ಕೊಂಬೆ ಬದಲಿಸತೊಡಗಿದರೆ ಹೊರಡೋಣ ಎಂದು ಚಾಲಕರಿಗೆ ಹೇಳುತ್ತೇನೆ. ತೆಗೆದ ಚಿತ್ರಕ್ಕೆ ಜಾಗದ ನಿಖರ ಗುರುತು ಹಾಕುವುದಿಲ್ಲ. ಬೇಟೆಗಾರನಿಗೂ ಗುಂಪಿಗೂ ದಾರಿ ತೋರಿಸುವ ಚಿತ್ರ ಎಷ್ಟು ಚೆನ್ನಾಗಿದ್ದರೂ ನನಗೆ ಬೇಡ.

ಈ ಹವ್ಯಾಸಕ್ಕೆ ಬರುವ ಕಿರಿಯರಿಗೆ ನಾನು ಚಿರತೆಯಿಂದ ಶುರುಮಾಡಲು ಹೇಳುವುದಿಲ್ಲ. ಊರಿನ ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಇರುತ್ತದೆ, ಬುಡುಬುಡಿಕೆಯವರು ಶಕುನ ಕೇಳುವ ಅದೇ ಪುಟ್ಟ ಗೂಬೆ. ಅದರ ಕಂದುಬೂದು ಮೈಮೇಲಿನ ಬಿಳಿ ಚುಕ್ಕೆಗಳು ತೊಗಟೆಯ ಬಿರುಕಿನೊಡನೆ ಹೇಗೆ ಕೂಡುತ್ತವೆ ಎಂಬುದನ್ನು ಮನೆಯ ಹತ್ತಿರವೇ, ದಿನವೂ, ಬೇರೆ ಬೇರೆ ಬೆಳಕಿನಲ್ಲಿ ಕಲಿಯಬಹುದು. ಮಲೆನಾಡಿನವರಾದರೆ ಬರ್ಕ, ಅಂದರೆ ಮೈಮೇಲೆ ಚುಕ್ಕೆಯಿರುವ ಮೌಸ್ ಡಿಯರ್, ಇದೆ; ಆದರೆ ಆ ಕುಳ್ಳ ಪ್ರಾಣಿ ತರಗೆಲೆಯ ನಡುವೆ ನಿಂತರೆ ನನ್ನ ಚಾಲಕರ ಉಪಾಯವೂ ನಡೆಯದು, ಅದರ ಬಾಲ ಅಷ್ಟು ಚಿಕ್ಕದು.

ನನ್ನ ಮನಸ್ಸು ಈಚೆಗೆ ಕಾಡು ಬಿಟ್ಟು ಬಂಡೆಯ ಕಡೆ ಹೊರಳಿದೆ. ನಮ್ಮ ಚಿರತೆಗಳು ಮತ್ತಿಮರದಲ್ಲಷ್ಟೇ ಇಲ್ಲ. ತುಮಕೂರು, ರಾಮನಗರ, ಕೊಪ್ಪಳ, ಬಳ್ಳಾರಿಗಳ ಕಲ್ಲುಗುಡ್ಡಗಳಲ್ಲಿವೆ, ಹಳ್ಳಿಯ ಪಕ್ಕದ ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತವೆ. ರಾಜಸ್ಥಾನದ ಜವಾಯಿಯಲ್ಲಿ ಬರೀ ಗ್ರಾನೈಟ್ ಗುಡ್ಡಗಳ ಮೇಲಿನ ಚಿರತೆಗಳ ಚಿತ್ರಗಳನ್ನು ನೋಡಿದಾಗ ನನಗೆ ನೆನಪಾದದ್ದು ದರೋಜಿಯ ಬಂಡೆಗಳು. ಅಲ್ಲಿ ಕರಡಿ ನೋಡಲು ಹೋದವರಿಗೆ ಸಂಜೆ ಹೊತ್ತು ಎದುರಿನ ಗುಡ್ಡದಲ್ಲಿ ಚಿರತೆ ಕಾಣುವುದುಂಟು. ಬಂಡೆಯ ಮೇಲೆ ಕಲ್ಲುಹೂವಿನ ಬೂದು, ಬಿಳಿ, ಕಿತ್ತಳೆ ಮಚ್ಚೆಗಳಿರುತ್ತವೆ. ಎಲೆಗಳ ನೆರಳಿಗೆ ಒಗ್ಗಿದ ಉಂಗುರಗಳು ಈ ಮಚ್ಚೆಗಳ ನಡುವೆ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನಾನು ತೃಪ್ತಿಯಾಗುವಷ್ಟು ಚಿತ್ರಿಸಿಲ್ಲ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವಾಗ ಹೋಗಬೇಕು. ಉದ್ದದ ಲೆನ್ಸ್ ಮನೆಯಲ್ಲೇ ಬಿಟ್ಟು, ಇಡೀ ಗುಡ್ಡ ಚೌಕಟ್ಟಿನೊಳಗೆ ಬರುವಂಥದನ್ನು ಒಯ್ಯಬೇಕು.